ಬಡ ಮನೆಯ ಮಕ್ಕಳು ಓದುವ ತರಗತಿಗೆ ನೆರವಾಗುವುದು ಹೇಗೆ? ಮೂಡಿಗೆರೆ ಕಡೆಯಿಂದ ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ಸುತ್ತಮುತ್ತಲ ಹನ್ನೆರಡು ಜನ. ನಮ್ಮಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು, ಒಬ್ಬರು ಜೀಪ್ ಓಡಿಸುವವರು, ಇಬ್ಬರು ಸಣ್ಣ ತೋಟ ಇಟ್ಟುಕೊಂಡವರು, ಒಬ್ಬರು ಟೈಲರ್ ಅಕ್ಕ. ನಾನು ಕಾಫಿ ತೋಟದ ಲೈನ್ ಮನೆಯಲ್ಲಿ, ಅಂದರೆ ಕೂಲಿಯವರಿಗೆ ಸಾಲಾಗಿ ಕಟ್ಟಿದ ಮನೆಯಲ್ಲಿ ಹುಟ್ಟಿ ಬೆಳೆದವಳು. ಈಗ ಒಂದು ಝೆರಾಕ್ಸ್ ಅಂಗಡಿ ನಡೆಸುತ್ತೇನೆ. ಸುತ್ತಲಿನ ಕೆಲವು ಸರ್ಕಾರಿ ಶಾಲೆಗಳ ಜೊತೆ ನಾವು ವರ್ಷಪೂರ್ತಿ ಓಡಾಡುತ್ತೇವೆ. ಬೆಂಗಳೂರಿನಲ್ಲಿರುವ ನಮ್ಮೂರ ಮಕ್ಕಳು, ಹಳೆ ವಿದ್ಯಾರ್ಥಿಗಳು, ಹೋಮ್‌ಸ್ಟೇಗೆ ಬಂದು ಹೋದವರು ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ಥರ ಇರುತ್ತವೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ಸರ್ಕಾರಿ ಶಾಲೆಯಲ್ಲಿ ಎಲ್ಲ ಫ್ರೀ ಅಲ್ವಾ? ನಾವು ಕೊಡೋದು ಏನಿದೆ?

ಫ್ರೀ ಹೌದು, ಅದು ಸಣ್ಣ ವಿಷಯ ಅಲ್ಲ. ಪಠ್ಯಪುಸ್ತಕ ಕೊಡುತ್ತಾರೆ. ಸಮವಸ್ತ್ರ, ಶೂ, ಸಾಕ್ಸ್ ಕೊಡುತ್ತಾರೆ. ಮಧ್ಯಾಹ್ನ ಬಿಸಿಯೂಟ ಇದೆ. 2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯದ ಹಾಲು ಇದೆ, 18 ಗ್ರಾಂ ಪುಡಿಯಲ್ಲಿ ಮಾಡಿದ 150 ಮಿಲಿಲೀಟರ್. 2024ರ ಸೆಪ್ಟೆಂಬರ್‌ನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವು ಸೇರಿ ವಾರಕ್ಕೆ ಆರು ದಿನ ಮೊಟ್ಟೆ ಕೊಡಲು ಶುರು ಮಾಡಿದರು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ನಾನು ಓದುವಾಗ ಬಿಸಿಯೂಟ ಇರಲಿಲ್ಲ. ಮಧ್ಯಾಹ್ನ ಬೆಲ್ ಹೊಡೆದ ಕೂಡಲೇ ಲೈನ್‌ಗೆ ಓಡುತ್ತಿದ್ದೆವು. ಮನೆಯಲ್ಲಿ ಅನ್ನ ಇದ್ದರೆ ವಾಪಸ್ ಬರುತ್ತಿದ್ದೆವು, ಇಲ್ಲದಿದ್ದರೆ ಅವತ್ತಿನ ಶಾಲೆ ಅಲ್ಲಿಗೇ ಮುಗಿಯಿತು. ಹಾಗಾಗಿ ಬಿಸಿಯೂಟವನ್ನು ಯಾರಾದರೂ ಹಗುರವಾಗಿ ಮಾತಾಡಿದರೆ ನನಗೆ ತಡೆಯಲ್ಲ.

ಆದರೆ ಇದೆಲ್ಲ ಸಿಗುವುದು ಶಾಲೆಯ ಗೇಟಿನ ಒಳಗೆ. ಮಗು ಗೇಟಿನ ತನಕ ಬರಬೇಕಲ್ಲ? ಕೂಲಿ ಮಾಡುವವರ ಮನೆಯ ಮಗು ಶಾಲೆಗೆ ಬರದ ದಿನ ಪಾಠವೂ ಹೋಯಿತು, ಊಟವೂ ಹೋಯಿತು. ಹೀಗೆ ವರ್ಷಕ್ಕೆ ಮೂವತ್ತು, ನಲವತ್ತು ದಿನ ತಪ್ಪಿದರೆ ಆ ಮಗು ಕಳೆಯುವ ಲೆಕ್ಕದ ಪಾಠದಲ್ಲೇ ನಿಂತುಬಿಡುತ್ತದೆ. ತರಗತಿ ಮಾತ್ರ ಭಾಗಾಕಾರಕ್ಕೆ ಹೋಗಿರುತ್ತದೆ.

ಅದಕ್ಕೇ ನಾವು ಏನೇ ಕೊಡುವ ಮುಂಚೆ ಟೀಚರ್ ಹತ್ತಿರ ಹಾಜರಿ ಪುಸ್ತಕ ತೋರಿಸಿ ಅಂತ ಕೇಳುತ್ತೇವೆ. ಯಾವ ತಿಂಗಳು ಯಾರು ಬಂದಿಲ್ಲ, ಯಾಕೆ ಬಂದಿಲ್ಲ ಅಂತ ಕೂತು ಮಾತಾಡುತ್ತೇವೆ. ಆ ಶಾಲೆಗೆ ಏನು ಬೇಕು ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಮಕ್ಕಳು ಯಾಕೆ ತಪ್ಪಿಸುತ್ತಾರೆ? ಅಪ್ಪ ಅಮ್ಮನಿಗೆ ಓದಿನ ಮೇಲೆ ಆಸೆ ಇಲ್ವಾ?

ಆಸೆ ಇಲ್ಲದ ತಾಯಿಯನ್ನು ನಾನು ಇನ್ನೂ ನೋಡಿಲ್ಲ. ಬೆಳಿಗ್ಗೆ ಎಂಟಕ್ಕೆಲ್ಲ ತೋಟದಲ್ಲಿ ಇರಬೇಕಾದ ತಾಯಿಗೆ ಮಗುವಿನ ಒದ್ದೆ ಬಟ್ಟೆ ಒಣಗಿಸಲು ಬಿಸಿಲೂ ಇಲ್ಲ, ಹೊತ್ತೂ ಇಲ್ಲ. ಅಷ್ಟೇ ವಿಷಯ.

ನಮ್ಮ ಕಡೆ ಮಗು ತಪ್ಪಿಸುವುದಕ್ಕೆ ಮೊದಲ ಕಾರಣ ಮಳೆ. ಎರಡನೆಯದು ಕಾಫಿ ಕೊಯ್ಲು. ಆಮೇಲೆ ಬರುವುದು ದಾಖಲೆಗಾಗಿ ಕಚೇರಿ ಅಲೆದಾಟ, ಮನೆಯಲ್ಲಿ ಸಣ್ಣ ತಮ್ಮ ತಂಗಿ, ದೊಡ್ಡ ಹುಡುಗಿಯರಿಗೆ ಮುಟ್ಟಿನ ದಿನಗಳು. ಇನ್ನೊಂದು ಕಾರಣ ಹೊರಗಿನವರಿಗೆ ಹೊಳೆಯುವುದೇ ಇಲ್ಲ, ಆನೆ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ತೋಟದೊಳಗೆ ಆನೆ ಬಂದಿದೆ ಅಂತ ಅರಣ್ಯ ಇಲಾಖೆಯವರ ಮೆಸೇಜ್ ಬಂದರೆ ಆ ದಾರಿಯಲ್ಲಿ ಮಗುವನ್ನು ಯಾರು ಕಳಿಸುತ್ತಾರೆ? ಅಂಥ ಕಡೆ ಒಂದು ಜೀಪ್ ಎರಡು ಟ್ರಿಪ್ ಹೊಡೆದರೆ ಹದಿನೈದು ಮಕ್ಕಳ ಒಂದು ದಿನ ಉಳಿಯುತ್ತದೆ. ನಮ್ಮ ಗುಂಪಿನ ಡೀಸೆಲ್ ಖರ್ಚಿನಲ್ಲಿ ಜಾಸ್ತಿ ಪಾಲು ಇದಕ್ಕೇ ಹೋಗುತ್ತದೆ.

ಮಳೆಗಾಲಕ್ಕೆ ಏನು ಕೊಡಬಹುದು? ಛತ್ರಿ ಕೊಡೋಣವಾ?

ಛತ್ರಿ ಬೇಡ. ಕೊಟ್ಟಿಗೆಹಾರ, ಬಣಕಲ್ ಕಡೆ ಗಾಳಿ ಮಳೆ ಒಟ್ಟಿಗೆ ಬೀಸುವಾಗ ಮಕ್ಕಳ ಛತ್ರಿ ಎರಡು ದಿನ ನಿಲ್ಲುವುದಿಲ್ಲ. ನಾವೂ ಮೊದಲ ವರ್ಷ ಅರವತ್ತು ಛತ್ರಿ ಹಂಚಿದ್ದೆವು. ಆಗಸ್ಟ್ ಬರುವ ಹೊತ್ತಿಗೆ ಕಡ್ಡಿಗಳು ಮಾತ್ರ ಉಳಿದಿದ್ದವು.

ರೇನ್‌ಕೋಟ್ ಕೊಡಿ. ಮಗುವಿನ ಅಳತೆಗಿಂತ ಎರಡು ಸೈಜ್ ದೊಡ್ಡದು ತೆಗೆದುಕೊಳ್ಳಿ. ಬೆನ್ನಿನ ಬ್ಯಾಗು ಒಳಗೆ ಹೋಗಬೇಕು, ಮುಂದಿನ ವರ್ಷಕ್ಕೂ ಬರಬೇಕು. ತಲೆ ಟೋಪಿಗೆ ದಾರ ಇರಲಿ. ತೋಟದ ಹೆಂಗಸರು ಹಾಕುವ ಪ್ಲಾಸ್ಟಿಕ್ ಕೊಪ್ಪೆ ಕೂಡ ಒಳ್ಳೆಯದೇ, ಆದರೆ ದೊಡ್ಡ ಮಕ್ಕಳು ನಾಚಿಕೊಳ್ಳುತ್ತಾರೆ. ಆ ನಾಚಿಕೆಯನ್ನು ದಯವಿಟ್ಟು ಗೌರವಿಸಿ.

ರೇನ್‌ಕೋಟ್ ಕೊಟ್ಟರೆ ಮುಗಿಯಲಿಲ್ಲ. ಎರಡು ಕಿಲೋಮೀಟರ್ ನಡೆದು ಬಂದ ಮಗುವಿನ ಪ್ಯಾಂಟು ಮೊಣಕಾಲಿನ ತನಕ ಒದ್ದೆ ಆಗಿಯೇ ಇರುತ್ತದೆ. ಕಾಲಿಗೆ ಉಂಬಳ, ಅಂದರೆ ಜಿಗಣೆ ಹತ್ತಿರುತ್ತದೆ. ಹಾಗೇ ಸಂಜೆ ತನಕ ಕೂತರೆ ಮೂರನೇ ದಿನ ಜ್ವರ ಗ್ಯಾರಂಟಿ. ಅದಕ್ಕೆ ನಮ್ಮ ಟೈಲರ್ ಅಕ್ಕ ಒಂದು ಉಪಾಯ ಹೇಳಿದರು. ಪ್ರತಿ ಮಗುವಿಗೂ ಒಂದು ಜೊತೆ ಟ್ರ್ಯಾಕ್ ಪ್ಯಾಂಟು, ಟೀ ಶರ್ಟ್ ಹೊಲಿದು ಅದನ್ನು ಶಾಲೆಯಲ್ಲೇ ಇಡುವುದು. ಬಂದ ಕೂಡಲೇ ಬಟ್ಟೆ ಬದಲಿಸಿ, ಒದ್ದೆಯದನ್ನು ಅಡುಗೆಮನೆಯ ಪಕ್ಕ ಕಟ್ಟಿದ ಹಗ್ಗಕ್ಕೆ ಹಾಕುತ್ತಾರೆ. ಸಂಜೆಗೆ ಅರ್ಧಂಬರ್ಧ ಒಣಗಿರುತ್ತದೆ. ಇದರ ಜೊತೆ ಒಂದು ಟವೆಲ್, ಒಂದು ಜೊತೆ ಹವಾಯಿ ಚಪ್ಪಲಿ. ಒಂದು ಮಗುವಿಗೆ ನಾವು ಮಾಡಿದ ಖರ್ಚಿನಲ್ಲಿ ಇಷ್ಟು ಕೆಲಸಕ್ಕೆ ಬಂದದ್ದು ಬೇರೆ ಯಾವುದೂ ಇಲ್ಲ.

ನೋಟ್ ಪುಸ್ತಕಗಳೂ ನೆನೆಯುತ್ತವೆ. ಹೋದ ವರ್ಷದ ಮಕ್ಕಳು ವಾಪಸ್ ಕೊಟ್ಟ ಪಠ್ಯಪುಸ್ತಕ ಚೆನ್ನಾಗಿದ್ದರೆ ಅದನ್ನು ಮನೆಗೆ ಕೊಟ್ಟು, ಹೊಸದನ್ನು ಶಾಲೆಯಲ್ಲೇ ಇಟ್ಟುಕೊಳ್ಳುವಂತೆ ಕೆಲವು ಟೀಚರ್‌ಗಳು ಮಾಡಿದ್ದಾರೆ. ಬ್ಯಾಗೂ ಹಗುರ.

ಈ ಎಲ್ಲ ಸಾಮಾನನ್ನು ಏಪ್ರಿಲ್, ಮೇನಲ್ಲೇ ತಂದಿಡಬೇಕು. ಜುಲೈನಲ್ಲಿ ಟಿವಿಯಲ್ಲಿ ಮಳೆ ನೋಡಿ ಫೋನ್ ಮಾಡುವವರ ಪ್ರೀತಿ ದೊಡ್ಡದು, ಆದರೆ ಅಷ್ಟರಲ್ಲಿ ನಮ್ಮ ಮಕ್ಕಳು ಒಂದು ತಿಂಗಳು ನೆನೆದಿರುತ್ತಾರೆ.

ಕಾಫಿ ಕೊಯ್ಲಿಗೂ ತರಗತಿಗೂ ಏನು ಸಂಬಂಧ?

ತುಂಬಾ ಇದೆ. ಅರೇಬಿಕಾ ಹಣ್ಣು ನವೆಂಬರ್ ಕೊನೆಯಿಂದ ಶುರುವಾದರೆ ರೋಬಸ್ಟಾ ಮುಗಿಯುವಾಗ ಫೆಬ್ರವರಿ, ಮಾರ್ಚ್ ಆಗುತ್ತದೆ. ಕೊಯ್ಲಿನಲ್ಲಿ ಕೂಲಿ ಹಲವು ಕಡೆ ಕೆಜಿ ಲೆಕ್ಕ. ಜಾಸ್ತಿ ಕಿತ್ತಷ್ಟು ಜಾಸ್ತಿ ದುಡ್ಡು. ವರ್ಷದ ಸಾಲ ತೀರಿಸಲು ಒಂದು ಮನೆಗೆ ಸಿಗುವುದು ಈ ಮೂರು ತಿಂಗಳೇ. ಆಗ ದೊಡ್ಡ ಮಗಳು ಮನೆಯಲ್ಲಿ ಉಳಿದು ತೊಟ್ಟಿಲ ಮಗುವನ್ನು ನೋಡಿಕೊಳ್ಳುತ್ತಾಳೆ. ಹುಡುಗ ಗಿಡದ ಕೆಳಗೆ ಬಿದ್ದ ಹಣ್ಣು ಆರಿಸುತ್ತಾನೆ. ನಾನೂ ಆರಿಸಿದ್ದೇನೆ. ನಾಲ್ಕನೇ ಕ್ಲಾಸಿನ ಜನವರಿಯಲ್ಲಿ ನಾನು ಶಾಲೆಗೆ ಹೋದದ್ದು ಗಣರಾಜ್ಯೋತ್ಸವದ ದಿನ ಮಾತ್ರ.

ಇಲ್ಲಿ ಬೈದು ಪ್ರಯೋಜನ ಇಲ್ಲ. ಕೆಲಸ ಮಾಡುವುದು ಮೂರು ಸಂಗತಿ. ಒಂದು, ಸಣ್ಣ ಮಕ್ಕಳನ್ನು ನೋಡಿಕೊಳ್ಳಲು ಒಂದು ಜಾಗ. 1951ರಲ್ಲೇ ಬಂದ ತೋಟ ಕಾರ್ಮಿಕರ ಕಾಯ್ದೆ 50 ಅಥವಾ ಅದಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ತೋಟದಲ್ಲಿ ಶಿಶುವಿಹಾರ ಇರಬೇಕು ಅಂದಿತ್ತು. ಸಣ್ಣ ತೋಟಗಳು ಈ ಲೆಕ್ಕಕ್ಕೆ ಬರುವುದೇ ಇಲ್ಲ. ಹಾಗಾಗಿ ಅಕ್ಕಪಕ್ಕದ ನಾಲ್ಕು ಸಣ್ಣ ತೋಟದವರು ಸೇರಿ ಒಬ್ಬ ಅಜ್ಜಿಗೆ ಸಂಬಳ ಕೊಟ್ಟು ಒಂದು ಲೈನ್ ಮನೆಯನ್ನೇ ಮಕ್ಕಳ ಮನೆ ಮಾಡುವಂತೆ ನಾವು ಕೇಳಿಕೊಳ್ಳುತ್ತೇವೆ. ಒಪ್ಪಿದ ತೋಟದಲ್ಲಿ ಅಕ್ಕಂದಿರು ಶಾಲೆಗೆ ವಾಪಸ್ ಬಂದಿದ್ದಾರೆ. ಎರಡು, ಸಂಜೆ ಕಲಿಕೆ. ಕೊಯ್ಲಿನ ದಿನ ಅಪ್ಪ ಅಮ್ಮ ತೂಕ ಹಾಕಿಸಿ ಮನೆ ಸೇರುವಾಗ ಕತ್ತಲಾಗಿರುತ್ತದೆ. ಅಲ್ಲಿ ತನಕ ಮಕ್ಕಳು ಲೈನ್ ಹತ್ತಿರವೇ ಒಂದು ಕಡೆ ಕೂತು ಓದುವ ಹಾಗೆ ದೀಪ, ಚಾಪೆ, ಬಿಸಿ ಗಂಜಿ, ಒಬ್ಬ ಪಿಯುಸಿ ಓದಿದ ಅಕ್ಕ ಇದ್ದರೆ ಸಾಕು. ಮೂರು, ಲೆಕ್ಕ ಬರೆಯುವ ತೋಟದ ರೈಟರ್ ಜೊತೆ ಮಾತು. ಮಕ್ಕಳು ಕಿತ್ತ ಹಣ್ಣು ತೂಕಕ್ಕೆ ಬಂದರೆ ಮೊದಲು ಗೊತ್ತಾಗುವುದು ರೈಟರ್‌ಗೆ. 14 ವರ್ಷದೊಳಗಿನ ಮಕ್ಕಳನ್ನು ದುಡಿಸುವುದು ಅಪರಾಧ ಅಂತ ಅವರಿಗೆ ಗೊತ್ತು. ಒಬ್ಬ ರೈಟರ್ ಮನಸ್ಸು ಮಾಡಿದರೆ ಇಡೀ ಲೈನಿನ ಹಾಜರಿ ಬದಲಾಗುತ್ತದೆ. ಯಾವುದಾದರೂ ಮಗು ನಿಜಕ್ಕೂ ಕಷ್ಟದಲ್ಲಿದೆ ಅನಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದ ಕೂಲಿಯವರ ಮಕ್ಕಳನ್ನು ಸೇರಿಸಿಕೊಳ್ಳುತ್ತಾರಾ? ಟಿಸಿ ಇಲ್ಲ, ಕನ್ನಡ ಬರಲ್ಲ.

ಸೇರಿಸಿಕೊಳ್ಳಲೇಬೇಕು. ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಪಾಸಾಗಿ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಯಾವ ಮಗುವನ್ನೂ ಜನನ ಪ್ರಮಾಣಪತ್ರ ಇಲ್ಲ, ಟಿಸಿ ತಡ ಆಯಿತು ಅಂತ ವಾಪಸ್ ಕಳಿಸುವ ಹಾಗಿಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕು ಅಂತಲೂ ಇದೆ.

ಭಾಷೆಯ ಬಗ್ಗೆ ಹೆದರಬೇಡಿ. ನಮ್ಮ ತರಗತಿಗಳಲ್ಲಿ ತಮಿಳು, ತುಳು, ಉರ್ದು, ಬ್ಯಾರಿ ಮನೆಮಾತಿನ ಮಕ್ಕಳು ಮೊದಲಿನಿಂದ ಇದ್ದಾರೆ. ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯ ಹಕ್ಕಿಪಿಕ್ಕಿ ಮಕ್ಕಳು ಮನೆಯಲ್ಲಿ ವಾಗ್ರಿ ಮಾತಾಡಿ ಶಾಲೆಯಲ್ಲಿ ಕನ್ನಡ ಓದುತ್ತಾರೆ. ಆಟದ ಬಯಲಿನಲ್ಲಿ ಒಂದು ತಿಂಗಳು ಬಿಟ್ಟರೆ ಮಗು ಕನ್ನಡ ಕಲಿಯಲು ಶುರು ಮಾಡುತ್ತದೆ. ತಡ ಆಗುವುದು ಓದು ಬರಹ ಮಾತ್ರ. ಅಲ್ಲಿ ನೆರವು ಬೇಕು. ಚಿತ್ರ ಜಾಸ್ತಿ ಇರುವ, ಪುಟಕ್ಕೆ ಒಂದು ಸಾಲಿನ ಕಥೆ ಪುಸ್ತಕಗಳು ತುಂಬಾ ಕೆಲಸಕ್ಕೆ ಬರುತ್ತವೆ. ಪ್ರಥಮ್ ಬುಕ್ಸ್, ನ್ಯಾಷನಲ್ ಬುಕ್ ಟ್ರಸ್ಟ್, ನವಕರ್ನಾಟಕದ ಮಕ್ಕಳ ಪುಸ್ತಕಗಳು ಕೈಗೆಟುಕುವ ಬೆಲೆಯಲ್ಲಿ ಸಿಗುತ್ತವೆ. ಪ್ರಥಮ್‌ನವರ ಸ್ಟೋರಿವೀವರ್‌ನಲ್ಲಿ ಒಂದೇ ಕಥೆ ಹಲವು ಭಾಷೆಯಲ್ಲಿದೆ, ದುಡ್ಡಿಲ್ಲದೆ ಇಳಿಸಿಕೊಳ್ಳಬಹುದು. ನಾನು ಅಂಗಡಿಯಲ್ಲಿ ಕನ್ನಡ ಒಂದು ಕಡೆ, ಮಗುವಿನ ಭಾಷೆ ಇನ್ನೊಂದು ಕಡೆ ಇರುವ ಹಾಗೆ ಪ್ರಿಂಟ್ ತೆಗೆದು ಪಿನ್ ಹೊಡೆದು ಕೊಡುತ್ತೇನೆ. ಮೊದಲ ಸಲ ತನ್ನ ಅಕ್ಷರವನ್ನು ಶಾಲೆಯಲ್ಲಿ ನೋಡಿದ ಹುಡುಗಿಯೊಬ್ಬಳು ಆ ಹಾಳೆಯನ್ನು ಫ್ರಾಕಿನ ಒಳಗೆ ಇಟ್ಟುಕೊಂಡು ಮನೆಗೆ ಹೋದಳು. ಅಪ್ಪನಿಗೆ ತೋರಿಸಬೇಕಿತ್ತಂತೆ.

ಇನ್ನೊಂದು ಮಾತು. ಇವರು ಮಾರ್ಚ್ ಕೊನೆಗೆ ಊರಿಗೆ ಹೊರಟುಬಿಡುತ್ತಾರೆ. ಹೊರಡುವ ಮುಂಚೆ ಮುಖ್ಯ ಶಿಕ್ಷಕರಿಂದ ಟಿಸಿ, ಅಂಕದ ಹಾಳೆ ಕೊಡಿಸಿ. ಎರಡು ಝೆರಾಕ್ಸ್ ಮಾಡಿಸಿ ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ತಾಯಿ ಕೈಗೆ ಕೊಡಿ.

ದಾಖಲೆ, ಸ್ಕಾಲರ್‌ಶಿಪ್ ವಿಷಯದಲ್ಲಿ ಹೊರಗಿನವರು ಸಹಾಯ ಮಾಡಬಹುದಾ?

ಖಂಡಿತ. ಯಾರೂ ಮಾಡದ, ಎಲ್ಲರಿಗೂ ಬೇಕಾದ ಕೆಲಸ ಇದು. ಶಾಲೆಯಲ್ಲಿ ಹೆಸರು ಒಂದು, ಆಧಾರ್‌ನಲ್ಲಿ ಇನ್ನೊಂದು. ಇನಿಶಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿಲ್ಲ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಹೋಗಬೇಕು. ಸರ್ವರ್ ಇಲ್ಲದಿದ್ದರೆ ಮತ್ತೆ ನಾಳೆ. ಒಂದು ಸಲ ಹೋದರೆ ತಾಯಿಯ ಒಂದು ದಿನದ ಕೂಲಿ ಹೋಯಿತು, ಮಗುವಿನ ಒಂದು ದಿನದ ಶಾಲೆಯೂ ಹೋಯಿತು. ಮೂರು ಸಲ ಓಡಾಡಿದ ಮೇಲೆ ಮನೆಯವರು ಕೈಬಿಡುತ್ತಾರೆ. ಸ್ಕಾಲರ್‌ಶಿಪ್ ದುಡ್ಡು ಹೀಗೆ ಎಷ್ಟೋ ಮಕ್ಕಳಿಗೆ ತಲುಪದೇ ಉಳಿಯುತ್ತದೆ.

ನೀವು ವರ್ಷಕ್ಕೊಮ್ಮೆ ಊರಿಗೆ ಬರುವವರಾದರೆ ಎರಡು ದಿನ ಲ್ಯಾಪ್‌ಟಾಪ್ ಹಿಡಿದು ಶಾಲೆಯಲ್ಲಿ ಕೂರಿ. ಪ್ರತಿ ಮಗುವಿನ ಶಾಲಾ ದಾಖಲೆ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಪಕ್ಕಪಕ್ಕ ಇಟ್ಟು ಎಲ್ಲಿ ಹೆಸರು ತಪ್ಪಿದೆ ಅಂತ ಪಟ್ಟಿ ಮಾಡಿ. ಆಮೇಲೆ ಒಂದು ಜೀಪ್ ಮಾಡಿ ಎಲ್ಲರನ್ನೂ ಒಂದೇ ದಿನ ಕರೆದುಕೊಂಡು ಹೋಗೋಣ.

ಎಂಟನೇ ತರಗತಿಯವರಿಗೆ ಎನ್‌ಎಂಎಂಎಸ್ ಅನ್ನುವ ಸ್ಕಾಲರ್‌ಶಿಪ್ ಪರೀಕ್ಷೆ ಇದೆ. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿ ಮುಗಿಯುವ ತನಕ ವರ್ಷಕ್ಕೆ 12,000 ರೂಪಾಯಿ. ಮನೆಯ ಆದಾಯ ವರ್ಷಕ್ಕೆ ಮೂರೂವರೆ ಲಕ್ಷದ ಒಳಗೆ ಇರಬೇಕು. ನಾಲ್ಕು ವರ್ಷಕ್ಕೆ 48,000 ರೂಪಾಯಿ ಅಂದರೆ ನಮ್ಮ ಲೈನಿನಲ್ಲಿ ಒಂದು ಹುಡುಗಿಯ ಓದು ನಿಲ್ಲಬೇಕಾ ಮುಂದುವರಿಯಬೇಕಾ ಅನ್ನುವುದನ್ನು ತೀರ್ಮಾನ ಮಾಡುವ ದುಡ್ಡು. ಅದಕ್ಕೆ ವಾರಕ್ಕೆ ಎರಡು ದಿನ ಲೆಕ್ಕ, ತರ್ಕದ ಪ್ರಶ್ನೆ ಹೇಳಿಕೊಡುವವರು ಸಿಕ್ಕರೆ ನಾವು ಹೂವಿನ ಹಾರ ಹಾಕಿ ಕರೆದುಕೊಂಡು ಬರುತ್ತೇವೆ. ಐದನೇ ತರಗತಿಯವರಿಗೆ ಮೊರಾರ್ಜಿ ವಸತಿ ಶಾಲೆ ಮತ್ತು ನವೋದಯದ ಪ್ರವೇಶ ಪರೀಕ್ಷೆಗಳಿವೆ. ಚಿಕ್ಕಮಗಳೂರು ಜಿಲ್ಲೆಯ ನವೋದಯ ಬಾಳೆಹೊನ್ನೂರಿನ ಹತ್ತಿರ ಸೀಗೋಡಿನಲ್ಲಿದೆ, ಹಾಸನದ್ದು ಮಾವಿನಕೆರೆಯಲ್ಲಿ. ಎಷ್ಟೋ ಮನೆಗಳಿಗೆ ಅರ್ಜಿ ಹಾಕುವ ತಾರೀಖು ಮುಗಿದ ಮೇಲೆ ವಿಷಯ ಗೊತ್ತಾಗುತ್ತದೆ.

ಹಣ ಕೊಡೋದು ಒಳ್ಳೆಯದಾ, ವಸ್ತುವಾ?

ಮೊದಲು ಟೀಚರ್‌ಗಳನ್ನು ಕೇಳಿ. ಆಮೇಲೆ ಅಡುಗೆಯವರನ್ನೂ ಕೇಳಿ. ಯಾವ ಮಗು ಎರಡನೇ ಸಲ ಅನ್ನ ಹಾಕಿಸಿಕೊಳ್ಳುತ್ತದೆ, ಯಾವ ಮಗು ಬೆಳಿಗ್ಗೆ ಏನೂ ತಿಂದಿಲ್ಲ ಅಂತ ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ.

ಹಣ ಕೊಡುವುದಾದರೆ ಶಾಲೆಯ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಖಾತೆಗೆ ಕೊಡಿ, ರಸೀದಿ ತೆಗೆದುಕೊಳ್ಳಿ. ಯಾರ ಕೈಗೂ ನಗದು ಬೇಡ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರು ಇರಬೇಕು. ಅವರು ಸಭೆಯಲ್ಲಿ ಕೂತು ಇದು ಬೇಕು ಅಂತ ಬರೆದು ಸಹಿ ಹಾಕಲಿ. ತಡ ಆಗುತ್ತದೆ, ಆದರೆ ತಾಯಂದಿರು ಒಪ್ಪಿ ತಂದ ವಸ್ತುವನ್ನು ಊರೇ ಕಾಯುತ್ತದೆ. ವಸ್ತು ಕೊಟ್ಟರೆ ಶಾಲೆಯ ದಾಸ್ತಾನು ಪುಸ್ತಕದಲ್ಲಿ ಬರೆಸಿ. ದೂರದಲ್ಲಿದ್ದು ಪರಿಚಯ ಇಲ್ಲದವರು ಕೇಂದ್ರ ಸರ್ಕಾರದ ವಿದ್ಯಾಂಜಲಿ ಪೋರ್ಟಲ್‌ನಲ್ಲಿ ಶಾಲೆ ಹುಡುಕಬಹುದು. ಪ್ರತಿ ಶಾಲೆಗೂ ಯುಡೈಸ್ ಅನ್ನುವ 11 ಅಂಕಿಯ ಗುರುತಿನ ಸಂಖ್ಯೆ ಇರುತ್ತದೆ. ಒಂದೇ ಹೆಸರಿನ ಎರಡು ಹಳ್ಳಿ ಇದ್ದರೂ ಆ ಸಂಖ್ಯೆ ಹಿಡಿದರೆ ಗೊಂದಲ ಆಗುವುದಿಲ್ಲ.

ಹಳೆ ಬಟ್ಟೆ ಬೇಡ. ನಿಮ್ಮ ಮಗು ಹಾಕಿದ ಒಳ್ಳೆಯ ಸ್ವೆಟರ್, ಒಗೆದು ಇಸ್ತ್ರಿ ಮಾಡಿದ್ದು ಆದರೆ ಸರಿ.

ನಾವು ಕಂಪನಿಯವರು, ಸ್ಮಾರ್ಟ್ ಟಿವಿ ಕೊಡಬೇಕು ಅಂತಿದ್ದೇವೆ.

ಕೊಡಿ, ಆದರೆ ಕೊಡುವ ಮುಂಚೆ ಜುಲೈನಲ್ಲಿ ಒಂದು ಸಲ ಬಂದು ನೋಡಿ. ಮರ ಬಿದ್ದರೆ ನಾಲ್ಕು ದಿನ ಕರೆಂಟ್ ಇರುವುದಿಲ್ಲ. ಗೋಡೆಯಲ್ಲಿ ನೀರು ಜಿನುಗುತ್ತದೆ. ನಾವು ಒಂದು ಶಾಲೆಗೆ ಟಿವಿ ಹಾಕಿಸಿ ಎಂಟು ತಿಂಗಳಿಗೆ ಸಿಡಿಲಿಗೆ ಸುಟ್ಟಿತು. ಮಾರಿದ ಅಂಗಡಿಯವರು ರಿಪೇರಿಗೆ ಇವತ್ತು ಬರ್ತೀವಿ, ನಾಳೆ ಬರ್ತೀವಿ ಅಂತ ಒಂದು ವರ್ಷ ಕಳೆದರು. ಟಿವಿಯ ಜೊತೆ ಯುಪಿಎಸ್, ಅರ್ಥಿಂಗ್, ಎರಡು ವರ್ಷದ ರಿಪೇರಿ ದುಡ್ಡು ಸೇರಿಸಿ ಕೊಡುವುದಾದರೆ ಸಂತೋಷ. ಅಷ್ಟು ಆಗದಿದ್ದರೆ ಆ ದುಡ್ಡಿನಲ್ಲಿ ಸೋರುವ ಹೆಂಚು ಬದಲಿಸಿ ಕೊಡಿ. ಸೋರುವ ಕೊಠಡಿಯಲ್ಲಿ ಸಣ್ಣ ಮಕ್ಕಳು ಹಿಡಿದು ಕಲಿಯುವ ನಲಿಕಲಿ ಕಾರ್ಡುಗಳು ಬೂಷ್ಟು ಹಿಡಿದು ಹಾಳಾಗುತ್ತವೆ.

ನಾನೇ ಬಂದು ಪಾಠ ಮಾಡಬಹುದಾ?

ಬನ್ನಿ, ಆದರೆ ಮೊದಲ ಎರಡು ವಾರ ಹಿಂದೆ ಕೂತು ನೋಡಿ. ಒಂದರಿಂದ ಮೂರನೇ ತರಗತಿಯ ಮಕ್ಕಳು ನಲಿಕಲಿಯಲ್ಲಿ ಒಟ್ಟಿಗೆ ಕೂತು, ತಮ್ಮ ತಮ್ಮ ಕಲಿಕೆಯ ಮೆಟ್ಟಿಲಲ್ಲಿ ಕಾರ್ಡು ಹಿಡಿದು ಕಲಿಯುತ್ತಾರೆ. 1995ರಲ್ಲಿ ಹೆಗ್ಗಡದೇವನಕೋಟೆಯ ಟೀಚರ್‌ಗಳ ಮಧ್ಯೆ ಶುರುವಾಗಿ ರಾಜ್ಯಕ್ಕೆಲ್ಲ ಹರಡಿದ ಪದ್ಧತಿ ಅದು. ಗೊತ್ತಿಲ್ಲದೆ ನೀವು ಬೋರ್ಡಿನ ಮುಂದೆ ನಿಂತು ಎಲ್ಲರಿಗೂ ಒಂದೇ ಪಾಠ ಹೇಳಿದರೆ ಟೀಚರ್ ಮೂರು ತಿಂಗಳಿಂದ ಕಟ್ಟಿದ್ದು ಕಲಸಿಹೋಗುತ್ತದೆ.

ನಮಗೆ ಜಾಸ್ತಿ ಬೇಕಿರುವುದು ಮಗುವಿನ ಪಕ್ಕ ಕೂತು ಓದಿಸುವವರು. ಹತ್ತು ನಿಮಿಷ ಒಂದು ಮಗು, ಒಂದು ಪುಸ್ತಕ. ಮನೆಯಲ್ಲಿ ಅಕ್ಷರ ಬಲ್ಲವರು ಯಾರೂ ಇಲ್ಲದ ಮಗುವಿಗೆ ತಾನು ಓದಿದ್ದನ್ನು ಒಬ್ಬರು ಕೇಳಿಸಿಕೊಂಡರು ಅನ್ನುವುದೇ ದೊಡ್ಡದು. ವಾರಕ್ಕೆ ಒಂದೇ ದಿನವಾದರೂ ಪರವಾಗಿಲ್ಲ, ಆ ದಿನ ತಪ್ಪಿಸಬೇಡಿ. ಮಂಗಳವಾರ ಬರುತ್ತೇನೆ ಅಂತ ಹೇಳಿ ಬರದಿದ್ದರೆ ಮಕ್ಕಳು ಗೇಟಿನ ಹತ್ತಿರ ಕಾಯುತ್ತಾರೆ. ನಾನು ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿಯಿಂದ ಅನುಮತಿ ಪತ್ರ ಬೇಕು. ನಿಮ್ಮ ಗುರುತಿನ ದಾಖಲೆ ಶಾಲೆಗೆ ಕೊಡಬೇಕು. ಯಾವ ಮಗುವಿನ ಜೊತೆಗೂ ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬರೇ ಇರುವ ಹಾಗಿಲ್ಲ. ಇದು ನಿಮ್ಮ ಮೇಲಿನ ಅನುಮಾನ ಅಲ್ಲ, ಎಲ್ಲರಿಗೂ ಇದೇ ನಿಯಮ.

ಮಕ್ಕಳ ಜೊತೆ ಫೋಟೋ ತೆಗೆದುಕೊಳ್ಳಬಹುದಾ?

ಕೊಡುವಾಗ ಬೇಡ. ಬ್ಯಾಗು ಹಿಡಿದು ಸಾಲಾಗಿ ನಿಂತ ಮಗುವಿಗೆ ತಾನು ಯಾಕೆ ನಿಂತಿದ್ದೇನೆ ಅಂತ ಗೊತ್ತಿರುತ್ತದೆ. ನನ್ನದೂ ಅಂಥ ಒಂದು ಫೋಟೋ ಯಾರದೋ ಆಲ್ಬಮ್‌ನಲ್ಲಿ ಇದೆ. ನಾವು ಸಾಮಾನನ್ನು ಟೀಚರ್ ಕೈಗೆ ಕೊಟ್ಟು ಬರುತ್ತೇವೆ, ಅವರು ತಮಗೆ ಸರಿ ಅನಿಸಿದಾಗ ಮಕ್ಕಳಿಗೆ ಕೊಡುತ್ತಾರೆ. ನಿಮಗೆ ಲೆಕ್ಕ ತೋರಿಸಲು ಬಿಲ್ ಮತ್ತು ದಾಸ್ತಾನು ಪುಸ್ತಕದ ಪುಟದ ಫೋಟೋ ಕಳಿಸುತ್ತೇವೆ.

ಹನ್ನೊಂದು ಮಕ್ಕಳಿರುವ ಶಾಲೆಗೆ ಖರ್ಚು ಮಾಡೋದು ವ್ಯರ್ಥ ಅಲ್ವಾ? ಹೇಗಿದ್ದರೂ ಮುಚ್ಚಿಹೋಗುತ್ತೆ.

ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಆದರೂ ಸಮಾಧಾನದಿಂದ ಹೇಳುತ್ತೇನೆ. ಮಲೆನಾಡಿನಲ್ಲಿ ಮನೆಗಳು ದೂರ ದೂರ. ಹನ್ನೊಂದು ಮಕ್ಕಳ ಶಾಲೆ ಮುಚ್ಚಿದರೆ ಮುಂದಿನ ಶಾಲೆಗೆ ಹಳ್ಳ ದಾಟಬೇಕು, ಕಾಲುಸಂಕ ಹತ್ತಬೇಕು. ಉಳ್ಳವರ ಮಗುವಿಗೆ ಪೇಟೆಯ ಶಾಲೆಯ ವ್ಯಾನ್ ಬರುತ್ತದೆ. ಉಳಿಯುವ ಆ ಹನ್ನೊಂದು ಮಕ್ಕಳು ಯಾರ ಮನೆಯವರು ಅಂತ ಯೋಚನೆ ಮಾಡಿ. 2019ರ ಎಸ್‌ಎಸ್‌ಎಲ್‌ಸಿಯಲ್ಲಿ ಹಾಸನ ಜಿಲ್ಲೆ ರಾಜ್ಯಕ್ಕೇ ಮೊದಲು ಬಂತು, ನಮಗೆಲ್ಲ ಹೆಮ್ಮೆ. ಆದರೆ ಐದನೇ ತರಗತಿಗೇ ಶಾಲೆ ಬಿಟ್ಟ ಮಗು ಆ ಲೆಕ್ಕದಲ್ಲಿ ಎಲ್ಲೂ ಇರುವುದಿಲ್ಲ.

ಇಂಥ ಶಾಲೆಗಳಲ್ಲಿ ಹಲವು ಕಡೆ ಒಬ್ಬರೇ ಟೀಚರ್. ಅವರು ಮೀಟಿಂಗ್‌ಗೆ ಹೋದ ದಿನ ಪಾಠ ನಿಲ್ಲುತ್ತದೆ. ಆ ದಿನಗಳಿಗೆ ಎಸ್‌ಡಿಎಂಸಿ ಒಪ್ಪಿಗೆಯಿಂದ ಊರಿನ ಒಬ್ಬ ಓದಿದ ಹೆಣ್ಣುಮಗಳಿಗೆ ಗೌರವಧನ ಕೊಟ್ಟು ಕರೆಸಬಹುದು. ಪೂರ್ತಿ ಸಂಬಳವನ್ನು ನಾವೇ ಹೊತ್ತುಕೊಳ್ಳುವುದು ಸರಿಯಲ್ಲ. ಟೀಚರ್ ಕೊಡುವುದು ಸರ್ಕಾರದ ಕೆಲಸ. ಅದನ್ನು ನಾವು ಬಿಇಒಗೆ ಅರ್ಜಿ ಬರೆದು ಕೇಳುತ್ತಲೇ ಇರುತ್ತೇವೆ.

ಬಯಲುಸೀಮೆಯ ಶಾಲೆಗೂ ಇದೇ ಪಟ್ಟಿ ಸಾಕಾ?

ಸಾಲುವುದಿಲ್ಲ. ಕಡೂರು, ಅರಸೀಕೆರೆ ಕಡೆ ರೇನ್‌ಕೋಟ್ ಕೊಟ್ಟರೆ ಮೂಲೆಯಲ್ಲಿ ಬಿದ್ದಿರುತ್ತದೆ. ಅಲ್ಲಿ ಕುಡಿಯುವ ನೀರು, ಶೌಚಾಲಯಕ್ಕೆ ನೀರು ಮೊದಲು. ನೀರಿಲ್ಲದ ಶೌಚಾಲಯ ಇದ್ದರೆ ದೊಡ್ಡ ಹುಡುಗಿಯರು ತಿಂಗಳಿಗೆ ನಾಲ್ಕು ದಿನ ಬರುವುದಿಲ್ಲ. ಒಂದು ಸಿಂಟೆಕ್ಸ್ ಟ್ಯಾಂಕ್, ಪೈಪು, ಪ್ಯಾಡ್ ಹಾಕಲು ಮುಚ್ಚಳ ಇರುವ ಬುಟ್ಟಿ ಕೊಟ್ಟು ನೋಡಿ.

ಬೋರ್ಡ್ ಕಾಣದ ಮಕ್ಕಳಿಗೆ ಕನ್ನಡಕ?

ಒಳ್ಳೆಯ ಕೆಲಸ. ಮಂದ ಅನ್ನಿಸಿಕೊಂಡ ಒಬ್ಬ ಹುಡುಗನಿಗೆ ನಿಜವಾಗಿ ಇದ್ದದ್ದು ದೃಷ್ಟಿಯ ತೊಂದರೆ. ಕನ್ನಡಕ ಹಾಕಿದ ದಿನ ಅವನು ಕಿಟಕಿಯ ಹೊರಗೆ ಸಿಲ್ವರ್ ಓಕ್ ಎಲೆ ನೋಡುತ್ತಾ ನಿಂತಿದ್ದ. ಶಾಲೆಯ ಆರೋಗ್ಯ ತಪಾಸಣೆಯಲ್ಲಿ ಹೆಸರು ಬಂದ ಮಕ್ಕಳನ್ನು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗುವವರು ಬೇಕು.

ಏಳನೇ ತರಗತಿ ಮುಗಿದ ಮೇಲೆ?

ಜಾಸ್ತಿ ಮಕ್ಕಳು ಕೈತಪ್ಪುವುದು ಇಲ್ಲೇ. ಹೈಸ್ಕೂಲು ಹೋಬಳಿ ಕೇಂದ್ರದಲ್ಲಿ ಇರುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಸರ್ಕಾರಿ ಬಸ್ಸು ಉಚಿತ. ಆದರೆ ನಮ್ಮ ಎಷ್ಟೋ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು. ಕೊಪ್ಪದ ಸಹಕಾರ ಸಾರಿಗೆಯೂ 2020ರಲ್ಲಿ ನಿಂತುಹೋಯಿತು. ಟಿಕೆಟ್ ದುಡ್ಡಿಲ್ಲದೆ ಓದು ಬಿಟ್ಟ ಹುಡುಗಿಯರ ಹೆಸರು ನನಗೆ ಬಾಯಿಪಾಠ ಇದೆ. ಆ ಬಸ್ ಖರ್ಚನ್ನು ನಾವು ತಿಂಗಳು ತಿಂಗಳು ಕೊಡುತ್ತೇವೆ. ಈ ಪಟ್ಟಿಯಲ್ಲಿ ಈಗ ಇಪ್ಪತ್ತಮೂರು ಮಕ್ಕಳು ಇದ್ದಾರೆ. ದೂರ ಜಾಸ್ತಿ ಆದರೆ ಸರ್ಕಾರಿ ಹಾಸ್ಟೆಲ್‌ಗೆ ಅರ್ಜಿ ಹಾಕಿಸುತ್ತೇವೆ, ಮೊದಲ ದಿನ ಬಿಡಲು ಜೊತೆಗೆ ಹೋಗುತ್ತೇವೆ. ಮಗಳನ್ನು ಬಿಟ್ಟು ಬರುವ ತಾಯಿಗೆ ವಾಪಸ್ ಬರುವಾಗ ಪಕ್ಕದಲ್ಲಿ ಯಾರಾದರೂ ಇರಬೇಕು.

ನನ್ನ ಹತ್ತಿರ ತಿಂಗಳಿಗೆ ಐನೂರು ರೂಪಾಯಿ ಮಾತ್ರ ಇದೆ. ಸಾಲುತ್ತಾ?

ಒಂದು ಮಗುವಿನ ಬಸ್ಸಿಗೆ ಸಾಲುತ್ತದೆ. ಒಂದು ವರ್ಷ ಬಿಡದೆ ಕೊಡುತ್ತೀರಾ ಅಂತ ಮಾತ್ರ ಯೋಚಿಸಿ ಹೇಳಿ, ನಾವು ಆ ಮನೆಯವರಿಗೆ ಮಾತು ಕೊಟ್ಟಿರುತ್ತೇವೆ.

ಶಾಲೆ ನೋಡಲು ಯಾವಾಗ ಬರಬೇಕು?

ಜೂನ್ ಮೊದಲ ವಾರ ಬೇಡ, ದಾಖಲಾತಿ ಗಡಿಬಿಡಿ ಇರುತ್ತದೆ. ಆಗಸ್ಟ್ ಕೊನೆ, ಇಲ್ಲವೇ ದಸರಾ ರಜೆ ಮುಗಿದ ಮೇಲೆ ಬನ್ನಿ. ಮುಖ್ಯ ಶಿಕ್ಷಕರಿಗೆ ಮೊದಲೇ ಫೋನ್ ಮಾಡಿ. ಬೆಳಿಗ್ಗೆ ಪ್ರಾರ್ಥನೆ ಹೊತ್ತಿಗೆ ಸೇರಿ, ಬಿಸಿಯೂಟಕ್ಕೆ ಮಕ್ಕಳ ಜೊತೆ ಕೂತು ಉಣ್ಣಿ, ಸಂಜೆ ಅವರು ಮನೆಗೆ ನಡೆಯುವ ದಾರಿಯಲ್ಲಿ ನೀವೂ ನಡೆಯಿರಿ. ಮಳೆ ಇದ್ದರೆ ಕಾಲಿಗೆ ಸುಣ್ಣ ಅಥವಾ ಉಪ್ಪು ಹಚ್ಚಿಕೊಳ್ಳಿ, ಉಂಬಳ ಇರುತ್ತವೆ. ಚಾಕೊಲೇಟ್ ತರಬೇಡಿ. ಒಂದು ಕಥೆ ಪುಸ್ತಕ ತನ್ನಿ, ಓದಿ ಹೇಳಲು.